13,000ದಿಂದ 9,500ಕ್ಕೆ: ವಿನ್ನಿಪೆಗ್ ಜೆಟ್ಸ್‌ನ ಖಾಲಿ ಸೀಟುಗಳ ಲೆಕ್ಕ

2024ರ ಜನವರಿಯಲ್ಲಿ ಕೆನಡಾದ ವಿನ್ನಿಪೆಗ್ ಜೆಟ್ಸ್ ಐಸ್ ಹಾಕಿ ತಂಡ ಎನ್‌ಎಚ್‌ಎಲ್, ಅಂದರೆ ಕೆನಡಾ ಮತ್ತು ಅಮೆರಿಕದ ದೊಡ್ಡ ಹಾಕಿ ಲೀಗ್‌ನ, ಅಂಕಪಟ್ಟಿಯ ತುದಿ ಮುಟ್ಟಿತ್ತು. ಗೋಲ್‌ಕೀಪರ್ ಕಾನರ್ ಹೆಲಬಕ್ ಲೀಗ್‌ನಲ್ಲೇ ಅತ್ಯುತ್ತಮ ಅನ್ನುವುದಕ್ಕೆ ಹೆಚ್ಚಿನವರ ತಕರಾರು ಇರಲಿಲ್ಲ. ಅದೇ ಚಳಿಗಾಲದಲ್ಲಿ ತವರಿನ ಅರೀನಾದ ಮೇಲಿನ ಸಾಲುಗಳು ಮಾತ್ರ ಖಾಲಿ ಹೊಡೆಯುತ್ತಿದ್ದವು. ಸೀಸನ್ ಟಿಕೆಟ್ ಅಂದರೆ ತವರಿನ ಎಲ್ಲ ಪಂದ್ಯಗಳಿಗೆ ಒಟ್ಟಿಗೆ ಕೊಳ್ಳುವ ಟಿಕೆಟ್; ಒಂದು ಕಾಲಕ್ಕೆ 13,000 ಇದ್ದ ಅದರ ಸಂಖ್ಯೆ 9,500ರ ಹತ್ತಿರ ಬಂದಿತ್ತು. ಮೂರು ವರ್ಷದಲ್ಲಿ ನೂರಕ್ಕೆ 27ರಷ್ಟು ಇಳಿಕೆ. ತಂಡದ ಸಹಮಾಲೀಕ ಮಾರ್ಕ್ ಚಿಪ್ಮನ್ ಫೆಬ್ರುವರಿಯಲ್ಲಿ ಪತ್ರಕರ್ತರ ಮುಂದೆ ನೇರವಾಗಿಯೇ ಹೇಳಿದರು: ಮತ್ತೆ 13,000ಕ್ಕೆ ಹೋಗಲೇಬೇಕು, ಈಗಿನ ಸ್ಥಿತಿ ಬಹಳ ಕಾಲ ನಡೆಯುವಂಥದ್ದಲ್ಲ.

ಬೇರೆ ಊರಿನಲ್ಲಿ ಇಂಥ ಮಾತನ್ನು ಬಿಸಿನೆಸ್ ಪುಟದಲ್ಲಿ ಓದಿ ಮರೆಯುತ್ತಾರೆ. ವಿನ್ನಿಪೆಗ್‌ನಲ್ಲಿ ಎಲ್ಲರೂ ಬೆಚ್ಚಿಬಿದ್ದರು. ಆ ಊರು ಒಮ್ಮೆ ತನ್ನ ತಂಡವನ್ನು ಕಳೆದುಕೊಂಡಿದೆ.

ಕೆನಡಾ ಅಂದರೆ ಹಾಕಿ, ಹಾಕಿ ಅಂದರೆ ಕೆನಡಾ, ಅಲ್ಲಿ ಸೀಟು ಖಾಲಿ ಉಳಿಯುತ್ತದಾ ಅಂತ ಕೇಳುವವರು ಜಾಸ್ತಿ. ಉಳಿಯುತ್ತದೆ. ಹಾಕಿ ಮೇಲೆ ಪ್ರೀತಿ ಇರುವುದು ಬೇರೆ, ವರ್ಷಕ್ಕೆ 41 ರಾತ್ರಿಗಳ ಟಿಕೆಟ್‌ಗೆ ಮುಂಗಡ ದುಡ್ಡು ಕೊಡುವುದು ಬೇರೆ. ನನ್ನ ಪ್ರಕಾರ 2011ರಲ್ಲಿ ಊರಿಗೆ ಮತ್ತೆ ತಂಡ ಬಂದ ಮೇಲಿನ ಮೊದಲ ಎಂಟು ವರ್ಷ ಅರೀನಾ ತುಂಬಿದ್ದಕ್ಕೆ ಆಟ ಅರ್ಧ ಕಾರಣ, ಸೀಸನ್ ಟಿಕೆಟ್‌ಗಾಗಿ ಕಾಯುವವರ ವೇಟಿಂಗ್ ಲಿಸ್ಟ್ ಇನ್ನರ್ಧ. ಲಿಸ್ಟ್ ಕರಗಿದ ಮೇಲೆ ಟಿಕೆಟ್‌ನ ಬೆಲೆಯೂ ಕರಗಿತು.

ಊರು ಎಂಥದ್ದು

ಮ್ಯಾನಿಟೋಬಾ ಪ್ರಾಂತ್ಯದ ರಾಜಧಾನಿ ವಿನ್ನಿಪೆಗ್. ಬಯಲು ಸೀಮೆ. ಜನವರಿಯಲ್ಲಿ ಮೈನಸ್ 30 ಡಿಗ್ರಿ ಅಂದರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. 2021ರ ಜನಗಣತಿಯ ಪ್ರಕಾರ ನಗರದಲ್ಲಿ ಸುಮಾರು 7.5 ಲಕ್ಷ ಜನ, ಸುತ್ತಮುತ್ತಲಿನ ಪ್ರದೇಶ ಸೇರಿದರೆ 8.3 ಲಕ್ಷದಷ್ಟು. ಎನ್‌ಎಚ್‌ಎಲ್‌ನ 32 ತಂಡಗಳ ಪೈಕಿ ಅತಿ ಚಿಕ್ಕ ಮಾರುಕಟ್ಟೆ ಇದು. ಅರೀನಾ ಕೂಡ ಚಿಕ್ಕದು, 15,325 ಸೀಟು. ಟೊರೊಂಟೊದ ಅರೀನಾದಲ್ಲಿ 18,800ರ ಆಸುಪಾಸು ಜನ ಕೂರುತ್ತಾರೆ.

ಜನಸಂಖ್ಯೆಗಿಂತ ಮುಖ್ಯವಾದದ್ದು ಕಂಪನಿಗಳ ಸಂಖ್ಯೆ. ಟೊರೊಂಟೊದಲ್ಲಿ ದೊಡ್ಡ ಬ್ಯಾಂಕುಗಳ ಮುಖ್ಯ ಕಚೇರಿಗಳಿವೆ, ಕ್ಯಾಲ್ಗರಿಯಲ್ಲಿ ತೈಲ ಕಂಪನಿಗಳಿವೆ. ಕಂಪನಿ ಸೀಸನ್ ಟಿಕೆಟ್ ಕೊಂಡರೆ ಅದು ಗ್ರಾಹಕರನ್ನು ಕರೆದುಕೊಂಡು ಹೋಗುವ ಖರ್ಚು, ಲೆಕ್ಕಪುಸ್ತಕದಲ್ಲಿ ಒಂದು ಸಾಲು ಅಷ್ಟೇ. ತಂಡ ಸೋತರೂ ಆ ಸಾಲನ್ನು ಯಾರೂ ಬೇಗ ಅಳಿಸುವುದಿಲ್ಲ. ವಿನ್ನಿಪೆಗ್‌ನಲ್ಲೂ ವಿಮೆ, ಧಾನ್ಯ ವ್ಯಾಪಾರ, ಬಸ್ ತಯಾರಿಕೆಯ ದೊಡ್ಡ ಕಂಪನಿಗಳು ಇಲ್ಲದಿಲ್ಲ. ಆದರೆ ಕಡಿಮೆ. ಚಿಪ್ಮನ್ ಅವರೇ ಕೊಟ್ಟ ಲೆಕ್ಕ ನೋಡಿ: ಜೆಟ್ಸ್‌ನ ಸೀಸನ್ ಟಿಕೆಟ್‌ಗಳಲ್ಲಿ ನೂರಕ್ಕೆ ಸುಮಾರು 85 ಸಾಮಾನ್ಯ ಜನರದ್ದು, 15 ಮಾತ್ರ ಕಂಪನಿಗಳದ್ದು. ಕೆನಡಾದ ಬೇರೆ ಊರುಗಳಲ್ಲಿ ಕಂಪನಿಗಳ ಪಾಲು ಇದಕ್ಕಿಂತ ತುಂಬಾ ಜಾಸ್ತಿ.

ಅಂದರೆ ಈ ತಂಡ ನಡೆಯುವುದು ಮೇಷ್ಟರು, ನರ್ಸು, ಪ್ಲಂಬರ್, ನಿವೃತ್ತ ಸರ್ಕಾರಿ ನೌಕರರ ಜೇಬಿನಿಂದ. ಅಡಮಾನದ ಬಡ್ಡಿ ಏರಿದರೆ, ದಿನಸಿ ತುಟ್ಟಿಯಾದರೆ, ಮನೆಯ ಖರ್ಚಿನಲ್ಲಿ ಮೊದಲು ಕತ್ತರಿ ಬೀಳುವುದು ಇಂಥದ್ದಕ್ಕೇ. 2022 ಮತ್ತು 2023ರಲ್ಲಿ ಕೆನಡಾದಲ್ಲಿ ಆದದ್ದೂ ಇದೇ: ಬಡ್ಡಿ ಏರಿತು, ದಿನಸಿ ಬೆಲೆಯೂ ಏರಿತು.

1996ರ ಗಾಯ

ಹಳೆಯ ಜೆಟ್ಸ್ ಶುರುವಾದದ್ದು 1972ರಲ್ಲಿ, ಎನ್‌ಎಚ್‌ಎಲ್‌ಗೆ ಪೈಪೋಟಿಯಾಗಿ ಹುಟ್ಟಿದ ಡಬ್ಲ್ಯುಎಚ್‌ಎ ಲೀಗ್‌ನಲ್ಲಿ. ಆ ವರ್ಷ ಶಿಕಾಗೋದಿಂದ ಬಾಬಿ ಹಲ್ ಎಂಬ ತಾರೆಯನ್ನು ಹತ್ತು ಲಕ್ಷ ಡಾಲರ್ ಮುಂಗಡ ಕೊಟ್ಟು ಕರೆತಂದರು. ಪೋರ್ಟೇಜ್ ಮತ್ತು ಮೇನ್ ರಸ್ತೆಗಳು ಕೂಡುವಲ್ಲಿ, ಊರಿನವರೆಲ್ಲ ನೋಡುತ್ತಿರುವಾಗ, ಸಹಿ ಹಾಕಿಸಿದರು. ಮೂರು ಸಲ ಆ ಲೀಗ್‌ನ ಕಪ್ ಗೆದ್ದು, 1979ರಲ್ಲಿ ಎಡ್ಮಂಟನ್, ಕ್ವಿಬೆಕ್, ಹಾರ್ಟ್‌ಫರ್ಡ್ ಜೊತೆ ತಂಡ ಎನ್‌ಎಚ್‌ಎಲ್ ಸೇರಿತು.

ತೊಂಬತ್ತರ ದಶಕದಲ್ಲಿ ಮೂರು ಕಡೆಯಿಂದ ಹೊಡೆತ ಬಿತ್ತು. ಆಟಗಾರರ ಸಂಬಳ ಏರಿತು, ಅದಕ್ಕೆ ಮಿತಿ ಅನ್ನುವುದೇ ಇರಲಿಲ್ಲ. ಸಂಬಳ ಕೊಡಬೇಕಾದದ್ದು ಅಮೆರಿಕನ್ ಡಾಲರ್‌ನಲ್ಲಿ, ಟಿಕೆಟ್ ಮಾರುವುದು ಕೆನಡಾ ಡಾಲರ್‌ನಲ್ಲಿ. ಆಗ ಕೆನಡಾದ ಒಂದು ಡಾಲರ್‌ಗೆ ಸಿಗುತ್ತಿದ್ದದ್ದು ಸುಮಾರು 73 ಅಮೆರಿಕನ್ ಸೆಂಟ್. ಇನ್ನು 1955ರಲ್ಲಿ ಕಟ್ಟಿದ ಹಳೆಯ ಅರೀನಾದಲ್ಲಿ ದುಡ್ಡಿನವರು ಕೂರುವಂಥ ಖಾಸಗಿ ಕೋಣೆಗಳಿಗೆ ಜಾಗವಿರಲಿಲ್ಲ.

1995ರ ಮೇ ತಿಂಗಳಲ್ಲಿ ತಂಡ ಉಳಿಸಿ ಅಂತ ಊರಿಗೆ ಊರೇ ಬೀದಿಗಿಳಿಯಿತು. ಮಕ್ಕಳು ಹುಂಡಿ ಒಡೆದು ಚಿಲ್ಲರೆ ತಂದು ಕೊಟ್ಟರು. ಜನರಿಂದಲೇ ಒಂದು ಕೋಟಿ ಡಾಲರ್‌ಗಿಂತ ಜಾಸ್ತಿ ಸೇರಿತು. ಸಾಲಲಿಲ್ಲ. 1996ರ ಏಪ್ರಿಲ್ 28ರಂದು ಡೆಟ್ರಾಯಿಟ್ ಎದುರು ಪ್ಲೇಆಫ್‌ನಲ್ಲಿ ಸೋತ ಜೆಟ್ಸ್ ನೇರ ಅರಿಜೋನಾದ ಮರುಭೂಮಿಗೆ ಹೋಯಿತು, ಫೀನಿಕ್ಸ್ ಕಯೋಟೀಸ್ ಆಯಿತು. ಅದರ ಹಿಂದಿನ ವರ್ಷ ಕ್ವಿಬೆಕ್ ತಂಡ ಡೆನ್ವರ್‌ಗೆ ಹೋಗಿತ್ತು. ಹೋದ ಮೊದಲ ವರ್ಷವೇ ಅದು ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದದ್ದು ಕ್ವಿಬೆಕ್‌ನವರಿಗೆ ಇನ್ನೊಂದು ಉರಿ.

ಸರ್ಕಾರ ಯಾಕೆ ಕೈಹಿಡಿಯಲಿಲ್ಲ ಅಂತ ಕೇಳಬಹುದು. 2000ದ ಜನವರಿಯಲ್ಲಿ ಕೇಂದ್ರದ ಕೈಗಾರಿಕಾ ಸಚಿವ ಜಾನ್ ಮ್ಯಾನ್ಲಿ ಕೆನಡಾದ ಎನ್‌ಎಚ್‌ಎಲ್ ತಂಡಗಳಿಗೆ ಸಹಾಯಧನ ಘೋಷಿಸಿದರು. ಆಸ್ಪತ್ರೆಗಳಿಗೆ ದುಡ್ಡಿಲ್ಲ, ಕೋಟ್ಯಧಿಪತಿಗಳಿಗೆ ಕೊಡ್ತೀರಾ ಅಂತ ಜನ ರೇಗಿದರು. ಮೂರೇ ದಿನಕ್ಕೆ ಘೋಷಣೆ ವಾಪಸ್. ಹಾಕಿಯನ್ನು ಅಷ್ಟು ಪ್ರೀತಿಸುವ ದೇಶವೂ ತೆರಿಗೆ ಹಣದ ವಿಷಯ ಬಂದಾಗ ಬಿಗಿಯಾಗುತ್ತದೆ.

ಹದಿನೇಳು ನಿಮಿಷ

ತಂಡ ಹೋದ ಮೇಲೆ ಊರಿಗೆ ಸಿಕ್ಕಿದ್ದು ಕೆಳ ದರ್ಜೆಯ ಲೀಗ್‌ನ ಮ್ಯಾನಿಟೋಬಾ ಮೂಸ್. ಅದರ ಹಿಂದೆ ಇದ್ದವರು ಚಿಪ್ಮನ್. 2004ರಲ್ಲಿ ಅವರ ಟ್ರೂ ನಾರ್ತ್ ಸಂಸ್ಥೆ ಹಳೆಯ ಈಟನ್ಸ್ ಡಿಪಾರ್ಟ್‌ಮೆಂಟ್ ಸ್ಟೋರ್ ಇದ್ದ ಜಾಗದಲ್ಲಿ, ಊರಿನ ನಟ್ಟನಡುವೆ, 13 ಕೋಟಿ ಡಾಲರ್‌ಗೂ ಹೆಚ್ಚು ಖರ್ಚಿನಲ್ಲಿ ಹೊಸ ಅರೀನಾ ತೆರೆಯಿತು. ಎನ್‌ಎಚ್‌ಎಲ್‌ಗೆ ಇದು ಚಿಕ್ಕದಾಯಿತು ಅಂತ ಆಗ ಮೂಗು ಮುರಿದವರಿದ್ದರು.

ಅಷ್ಟರಲ್ಲಿ ಎರಡು ಬದಲಾವಣೆ ಆದವು. 2004-05ರ ಇಡೀ ಸೀಸನ್ ಮಾಲೀಕರು ಮತ್ತು ಆಟಗಾರರ ಜಗಳದಲ್ಲಿ ರದ್ದಾಯಿತು. ಅದರ ಕೊನೆಗೆ ಸ್ಯಾಲರಿ ಕ್ಯಾಪ್ ಬಂತು: ಒಂದು ತಂಡ ಸಂಬಳಕ್ಕೆ ಗರಿಷ್ಠ 3.9 ಕೋಟಿ ಅಮೆರಿಕನ್ ಡಾಲರ್ ಖರ್ಚು ಮಾಡಬಹುದು. ನ್ಯೂಯಾರ್ಕ್‌ಗೂ ಅದೇ ಮಿತಿ, ಚಿಕ್ಕ ಊರಿಗೂ ಅದೇ ಮಿತಿ. ಇನ್ನೊಂದು, ಕೆನಡಾ ಡಾಲರ್ ಏರಿ 2011ರಲ್ಲಿ ಅಮೆರಿಕನ್ ಡಾಲರ್‌ಗೆ ಸಮ ನಿಂತಿತು. ಈ ಎರಡೂ ಒಟ್ಟಿಗೆ ಬರದಿದ್ದರೆ ವಿನ್ನಿಪೆಗ್‌ಗೆ ತಂಡ ಬರುತ್ತಲೇ ಇರಲಿಲ್ಲ.

2011ರ ಮೇ 31ರಂದು ಟ್ರೂ ನಾರ್ತ್ ಅಟ್ಲಾಂಟಾ ಥ್ರಾಷರ್ಸ್ ತಂಡವನ್ನು 17 ಕೋಟಿ ಅಮೆರಿಕನ್ ಡಾಲರ್‌ಗೆ ಕೊಂಡದ್ದಾಗಿ ಪ್ರಕಟಿಸಿತು. ಇಂದಿನ ಜೆಟ್ಸ್ ಅದೇ ತಂಡ. ಅದರಲ್ಲಿ ಆರು ಕೋಟಿ, ಊರು ಬದಲಿಸುವುದಕ್ಕೆ ಲೀಗ್‌ಗೆ ಕಟ್ಟುವ ಶುಲ್ಕ. ಸಹಮಾಲೀಕ ಡೇವಿಡ್ ಥಾಮ್ಸನ್ ಕೆನಡಾದ ಅತಿ ಶ್ರೀಮಂತರಲ್ಲಿ ಒಬ್ಬರು. ಲೀಗ್ ಒಪ್ಪಿಗೆ ಕೊಡಬೇಕಾದರೆ ಊರು ತನ್ನ ಬೆಂಬಲವನ್ನು ಕೈಯಾರೆ ತೋರಿಸಬೇಕಿತ್ತು. ಅದಕ್ಕಾಗಿ ಇಟ್ಟ ಗುರಿಯೇ ಆ 13,000 ಸೀಸನ್ ಟಿಕೆಟ್.

ಮೊದಲು ಮೂಸ್‌ನ ಹಳೆಯ ಗ್ರಾಹಕರಿಗೆ ಅವಕಾಶ. ಅಲ್ಲೇ 7,000ಕ್ಕೂ ಹೆಚ್ಚು ಹೋಯಿತು. ಜೂನ್ 4ರ ಮಧ್ಯಾಹ್ನ ಉಳಿದದ್ದನ್ನು ಎಲ್ಲರಿಗೂ ತೆರೆದರು. 17 ನಿಮಿಷಕ್ಕೆ ಮುಗಿಯಿತು. ಸಿಗದವರು ವೇಟಿಂಗ್ ಲಿಸ್ಟ್‌ಗೆ ಮುಗಿಬಿದ್ದರು. 8,000 ಹೆಸರಾದ ಮೇಲೆ ಅದನ್ನೂ ಮುಚ್ಚಿದರು.

ಟಿಕೆಟ್ ಸುಮ್ನೆ ಕೊಟ್ಟದ್ದಲ್ಲ. ಪಂದ್ಯಕ್ಕೆ 39 ಡಾಲರ್‌ನಿಂದ 129 ಡಾಲರ್‌ವರೆಗೆ. 41 ಪಂದ್ಯಕ್ಕೆ ಗುಣಿಸಿ: ಎರಡು ಅಗ್ಗದ ಸೀಟಿಗೆ ವರ್ಷಕ್ಕೆ ಸುಮಾರು 3,200 ಡಾಲರ್, ಎರಡು ದುಬಾರಿ ಸೀಟಿಗೆ 10,500 ದಾಟುತ್ತದೆ. ಮೇಲೆ ಮೂರರಿಂದ ಐದು ವರ್ಷ ಬಿಡುವುದಿಲ್ಲ ಅಂತ ಬರೆದುಕೊಡಬೇಕು. ಒಂದೂ ಆಟ ಆಡದ, ಇನ್ನೂ ಹೆಸರೇ ಇಡದ ತಂಡಕ್ಕೆ ಜನ ಹೀಗೆ ಸಹಿ ಹಾಕಿದರು. ಹದಿನೈದು ವರ್ಷದ ಹಸಿವು ಅದು.

ಒಂದು ಜೋಡಿ ಸೀಟು, ನಾಲ್ಕು ಮನೆ

ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. ಸೀಸನ್ ಟಿಕೆಟ್ ಅಂದಾಗ ಒಂದೇ ಕುಟುಂಬ 41 ಸಲವೂ ಹೋಗಿ ಕೂರುತ್ತದೆ ಅಂತ ತಿಳಿದರೆ ಈ ಪ್ರಕರಣ ಅರ್ಥವಾಗುವುದಿಲ್ಲ. ಒಂದು ಜೋಡಿ ಸೀಟನ್ನು ಮೂರು ನಾಲ್ಕು ಮನೆಯವರು ಸೇರಿ ಕೊಳ್ಳುವುದು ಮಾಮೂಲು. ಒಬ್ಬರ ಹೆಸರಲ್ಲಿ ಖಾತೆ. ಪಂದ್ಯಗಳ ಪಟ್ಟಿ ಬಂದ ಮೇಲೆ ಯಾರದೋ ಅಡುಗೆಮನೆ ಮೇಜಿನ ಸುತ್ತ ಕೂತು ಸರದಿ ಪ್ರಕಾರ ಪಂದ್ಯ ಆರಿಸಿಕೊಳ್ಳುತ್ತಾರೆ. ಮೊದಲ ಸರದಿಯವರು ಟೊರೊಂಟೊ ಬರುವ ಶನಿವಾರ ಎತ್ತಿಕೊಳ್ಳುತ್ತಾರೆ. ಎರಡನೆಯವರು ಮಾಂಟ್ರಿಯಲ್. ಆಮೇಲೆ ಎಡ್ಮಂಟನ್, ಶಿಕಾಗೋ. ಕೊನೆಗೆ ಉಳಿಯುವುದು ಜನವರಿಯ ಮಂಗಳವಾರ ರಾತ್ರಿ ಕೊಲಂಬಸ್ ಎದುರಿನ ಪಂದ್ಯ. ಅದೂ ಯಾರದೋ ಪಾಲಿಗೆ ಬರಲೇಬೇಕು, ದುಡ್ಡು ಕೊಟ್ಟಾಗಿದೆ.

ನಮ್ಮೂರ ಚೀಟಿ ವ್ಯವಹಾರದ ಹಾಗೇ ಇದು. ಎಲ್ಲರೂ ಕಟ್ಟುತ್ತಿರುವವರೆಗೆ ಚೆನ್ನಾಗಿ ನಡೆಯುತ್ತದೆ, ಒಬ್ಬ ಕೈಬಿಟ್ಟರೆ ಉಳಿದವರಿಗೆ ತಲೆನೋವು. ನಾಲ್ವರಲ್ಲಿ ಒಬ್ಬರಿಗೆ ಮಗು ಹುಟ್ಟಿತು, ಇನ್ನೊಬ್ಬರು ಬೇರೆ ಊರಿಗೆ ಹೋದರು ಅಂದುಕೊಳ್ಳಿ. 2014ರಲ್ಲಾದರೆ ಆಫೀಸಿನಲ್ಲಿ ಒಂದು ಮಾತು ಹೇಳಿದರೆ ಸಾಕು, ಸಂಜೆಯೊಳಗೆ ಹೊಸ ಪಾಲುದಾರ ಸಿಗುತ್ತಿದ್ದ. 2022ರಲ್ಲಿ ಯಾರೂ ಸಿಗಲಿಲ್ಲ. ಹಾಗಾದಾಗ ಉಳಿದ ಇಬ್ಬರು ಇಡೀ ಜೋಡಿಯನ್ನೇ ಬಿಟ್ಟುಕೊಡುತ್ತಾರೆ. ತಂಡದ ಲೆಕ್ಕದಲ್ಲಿ ಎರಡು ಸೀಸನ್ ಟಿಕೆಟ್ ಹೋಯಿತು. ಹಾಕಿ ನೋಡುವುದನ್ನು ಬಿಟ್ಟವರು ಮಾತ್ರ ಯಾರೂ ಇಲ್ಲ. ಅವರೆಲ್ಲ ಟಿವಿಯಲ್ಲಿ ನೋಡುತ್ತಿದ್ದಾರೆ, ಬೇಕಾದಾಗ ಒಂದು ಪಂದ್ಯಕ್ಕೆ ಟಿಕೆಟ್ ತೆಗೆದುಕೊಂಡು ಹೋಗುತ್ತಾರೆ.

ವೇಟಿಂಗ್ ಲಿಸ್ಟ್ ಇಡೀ ವ್ಯವಸ್ಥೆಯನ್ನು ಹಿಡಿದಿಟ್ಟ ಬಗೆ ಇದು. ಸೀಟು ಬಿಟ್ಟರೆ 8,000 ಜನರ ಹಿಂದೆ ನಿಲ್ಲಬೇಕು, ಮತ್ತೆ ಸಿಗುವ ಭರವಸೆ ಇಲ್ಲ. ಹಾಗಾಗಿ ಆಸೆ ಕಡಿಮೆಯಾದವರೂ ಬಿಡಲಿಲ್ಲ. ಬೇಡದ ಪಂದ್ಯಗಳನ್ನು ಆನ್‌ಲೈನ್‌ನಲ್ಲಿ ಕೊಟ್ಟ ಬೆಲೆಗೋ ಅದಕ್ಕಿಂತ ಜಾಸ್ತಿಗೋ ಮಾರಿ ಖರ್ಚು ಸರಿದೂಗಿಸಿಕೊಂಡರು. 2011ರಿಂದ 2019ರ ಅಕ್ಟೋಬರ್‌ವರೆಗೆ ಪ್ರತಿ ಪಂದ್ಯವೂ ಹೌಸ್‌ಫುಲ್. 2018ರಲ್ಲಿ ತಂಡ ಮೊದಲ ಬಾರಿ ಕಾನ್ಫರೆನ್ಸ್ ಫೈನಲ್, ಅಂದರೆ ಸೆಮಿಫೈನಲ್ ಹಂತ, ತಲುಪಿದಾಗ ಬಿಳಿ ಬಟ್ಟೆ ಹಾಕಿದ ಸಾವಿರಾರು ಜನ ಅರೀನಾದ ಹೊರಗೆ ಬೀದಿ ತುಂಬಿದ್ದರು. ಬಿಳಿ ಉಡುವ ಈ ಪದ್ಧತಿ 1987ರಿಂದ ಬಂದದ್ದು, ಕೆಂಪುಟ್ಟ ಕ್ಯಾಲ್ಗರಿ ಅಭಿಮಾನಿಗಳಿಗೆ ಎದುರಾಗಿ.

ಆಮೇಲೆ ಕೋವಿಡ್. 2020-21ರ ಸೀಸನ್ ಪೂರ್ತಿ ಖಾಲಿ ಅರೀನಾದಲ್ಲಿ ನಡೆಯಿತು. 2021ರ ಪ್ಲೇಆಫ್‌ನಲ್ಲಿ ಮಾಂಟ್ರಿಯಲ್ ಬಂದಾಗ ಎರಡೂ ಡೋಸ್ ಲಸಿಕೆ ಪಡೆದ 500 ಆರೋಗ್ಯ ಕಾರ್ಯಕರ್ತರನ್ನು ಒಳಗೆ ಬಿಟ್ಟದ್ದೇ ದೊಡ್ಡ ಸುದ್ದಿ. ಮುಂದಿನ ಚಳಿಗಾಲದಲ್ಲೂ ಪ್ರೇಕ್ಷಕರ ಸಂಖ್ಯೆಗೆ ಮಿತಿ, ಪಂದ್ಯಗಳ ಮುಂದೂಡಿಕೆ. ಎರಡು ಚಳಿಗಾಲ ಮನೆಯಲ್ಲಿ ಕೂತವರಿಗೆ ಒಂದು ವಿಷಯ ಗೊತ್ತಾಯಿತು: ಹೋಗದೆ ಇದ್ದರೂ ನಡೆಯುತ್ತದೆ, ಕೈಯಲ್ಲಿ ಐದಾರು ಸಾವಿರ ಡಾಲರ್ ಉಳಿಯುತ್ತದೆ. ಊರ ನಡುವಿನ ಆಫೀಸುಗಳೂ ಅರೆಖಾಲಿ. ಮೊದಲೆಲ್ಲ ಕೆಲಸ ಮುಗಿಸಿ ಅಲ್ಲೇ ಏನೋ ತಿಂದು ಪಂದ್ಯಕ್ಕೆ ನಡೆದು ಹೋಗುತ್ತಿದ್ದವರು ಈಗ ಮನೆಯಿಂದಲೇ ಕೆಲಸ ಮಾಡುತ್ತಾರೆ. ಮೈನಸ್ 25ರಲ್ಲಿ ಕಾರು ತೆಗೆದು, ಪಾರ್ಕಿಂಗ್ ಹುಡುಕಿ, ಸುರಕ್ಷಿತವಲ್ಲ ಅಂತ ಅನ್ನಿಸತೊಡಗಿದ ಬೀದಿಗಳಲ್ಲಿ ನಡೆದು ಹೋಗಲು ಮನಸ್ಸು ಬರಬೇಕಲ್ಲ.

2021-22ರಲ್ಲಿ ಕೋಚ್ ಪಾಲ್ ಮಾರಿಸ್ ಸೀಸನ್ ನಡುವೆಯೇ ಬಿಟ್ಟರು, ತಂಡ ಪ್ಲೇಆಫ್‌ಗೂ ಹೋಗಲಿಲ್ಲ. ಸೀಟು ಬಿಡುವವರು ಹೆಚ್ಚಾದರು, ಅವರ ಜಾಗಕ್ಕೆ ಲಿಸ್ಟ್‌ನಲ್ಲಿದ್ದವರನ್ನು ಕರೆದರು. ಹತ್ತು ವರ್ಷ ಹಳೆಯ ಹೆಸರುಗಳು ಅವು. ಬಹಳ ಮಂದಿಗೆ ಈಗ ಬೇಡವಾಗಿತ್ತು. ಲಿಸ್ಟ್ ಖಾಲಿಯಾಯಿತು. ಅದು ಊರಿಗೆ ಗೊತ್ತಾದ ಮೇಲೆ ಇನ್ನಷ್ಟು ಜನ ನಿಶ್ಚಿಂತೆಯಿಂದ ಬಿಟ್ಟರು. ಬೇಕಾದಾಗ ಮತ್ತೆ ಸಿಗುತ್ತದಲ್ಲ!

ಒಂದು ಜಾಹೀರಾತು, ಒಂದು ಭೇಟಿ

ಹತ್ತು ವರ್ಷ ಟಿಕೆಟ್ ತಾನಾಗಿ ಹೋಗಿತ್ತು. ಬಾಗಿಲು ತಟ್ಟಿ ಮಾರುವ ಅಗತ್ಯವೇ ಬಿದ್ದಿರಲಿಲ್ಲ. ಮಾರುವುದು ಒಂದು ಅಭ್ಯಾಸ, ಬಿಟ್ಟರೆ ಮರೆತುಹೋಗುತ್ತದೆ. 2023ರ ವಸಂತದಲ್ಲಿ ಸೀಸನ್ ಟಿಕೆಟ್ ನವೀಕರಣಕ್ಕಾಗಿ ತಂಡ ‘ಫಾರೆವರ್ ವಿನ್ನಿಪೆಗ್’ ಹೆಸರಿನ ಪ್ರಚಾರ ಶುರುಮಾಡಿತು. ಅದರ ವಿಡಿಯೊದಲ್ಲಿ 1996ರಲ್ಲಿ ತಂಡ ಕಳೆದುಕೊಂಡ ನೆನಪುಗಳನ್ನೂ ತಂದರು. ನಾವು ಒಟ್ಟಿಗೆ ಇದ್ದೇವೆ ಅಂತ ಹೇಳುವುದು ಉದ್ದೇಶವಿರಬಹುದು. ಜನರಿಗೆ ಕೇಳಿಸಿದ್ದು ಬೇರೆ: ಕೊಳ್ಳದಿದ್ದರೆ ಮತ್ತೆ ಹೋಗುತ್ತೇವೆ.

ಇದು ಕೆಟ್ಟ ತಂತ್ರ ಅಂತ ನನಗನ್ನಿಸುತ್ತದೆ. ಹೆದರಿಕೆಯಿಂದ ಟಿಕೆಟ್ ಒಂದು ಸಲ ಮಾರಬಹುದು, 2011ರಲ್ಲಿ ಆದದ್ದು ಸುಮಾರಾಗಿ ಅದೇ. ಹನ್ನೆರಡು ವರ್ಷ ಕಟ್ಟಿ, ಕೋವಿಡ್ ದಾಟಿ, ನಾಲ್ಕನೇ ಪಾಲುದಾರನನ್ನು ಹುಡುಕುತ್ತಿರುವವನಿಗೆ ಅದೇ ಹೆದರಿಕೆ ತೋರಿಸಿದರೆ ಅವನಿಗೆ ಸಿಟ್ಟು ಬರುತ್ತದೆ.

2023ರ ಅಕ್ಟೋಬರ್‌ನಲ್ಲಿ ಒಂದು ಒಳ್ಳೆಯ ಸುದ್ದಿ. ಬಿಟ್ಟುಹೋಗುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದ ಹೆಲಬಕ್ ಮತ್ತು ಮಾರ್ಕ್ ಶೈಫ್ಲಿ ಒಂದೇ ದಿನ ಏಳೇಳು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು, ವರ್ಷಕ್ಕೆ ತಲಾ 85 ಲಕ್ಷ ಅಮೆರಿಕನ್ ಡಾಲರ್. ಆಟಗಾರರು ಬರಲೊಲ್ಲದ ಊರು ಅಂತ ಹೆಸರು ಹೊತ್ತ ವಿನ್ನಿಪೆಗ್‌ಗೆ ಇದು ಹಬ್ಬವಾಗಬೇಕಿತ್ತು. ಆದರೂ ಆ ಶರತ್ಕಾಲದ ಕೆಲವು ವಾರದ ದಿನದ ಪಂದ್ಯಗಳಿಗೆ 12,000 ಜನರೂ ಬರಲಿಲ್ಲ. ಸೀಸನ್ ಮುಗಿದಾಗ ಸರಾಸರಿ 13,500ರ ಆಸುಪಾಸು ನಿಂತಿತ್ತು.

2024ರ ಫೆಬ್ರುವರಿ ಕೊನೆಗೆ ಲೀಗ್‌ನ ಕಮಿಷನರ್ ಗ್ಯಾರಿ ಬೆಟ್‌ಮನ್ ಸ್ವತಃ ಬಂದು ಪ್ರಾಯೋಜಕರನ್ನೂ ಟಿಕೆಟ್ ಗ್ರಾಹಕರನ್ನೂ ಭೇಟಿಯಾದರು. ತಂಡದ ಬಗ್ಗೆ ನನಗೆ ಆತಂಕವಿಲ್ಲ, ಆದರೆ ಅರೀನಾ ತುಂಬಬೇಕು ಅನ್ನುವ ಅರ್ಥದ ಮಾತು ಹೇಳಿ ಹೋದರು. 1996ರಲ್ಲೂ ಕಮಿಷನರ್ ಇವರೇ. ಊರಿನವರಿಗೆ ಅದು ಚೆನ್ನಾಗಿ ನೆನಪಿದೆ.

ದುಡ್ಡಿನ ಲೆಕ್ಕ

ಒಂದು ಸರಳ ಲೆಕ್ಕ ಮಾಡೋಣ. 15,325 ಸೀಟಿನ ಅರೀನಾಕ್ಕೆ 13,500 ಜನ ಬಂದರೆ ಸುಮಾರು 1,800 ಸೀಟು ಖಾಲಿ. 41 ಪಂದ್ಯಕ್ಕೆ 73,800. ಲೆಕ್ಕಕ್ಕೆ ಬೇಕು ಅಂತ ಒಂದು ಸೀಟಿಗೆ 100 ಡಾಲರ್ ಹಿಡಿಯಿರಿ: 73.8 ಲಕ್ಷ ಕೆನಡಾ ಡಾಲರ್. ಅಮೆರಿಕನ್ ಡಾಲರ್‌ನಲ್ಲಿ 54 ಲಕ್ಷ. ಒಬ್ಬ ಒಳ್ಳೆಯ ಡಿಫೆನ್ಸ್ ಆಟಗಾರನ ಸಂಬಳ. ಬಿಯರ್, ಪಿಜ್ಜಾ, ಜೆರ್ಸಿ ಇದರಲ್ಲಿ ಸೇರಿಲ್ಲ.

ಆದರೆ ನಿಜವಾದ ಸಮಸ್ಯೆ ಖಾಲಿ ಸೀಟಿಗಿಂತ ದೊಡ್ಡದು. 13,000 ಸೀಸನ್ ಟಿಕೆಟ್ ಇದ್ದರೆ ಬಿಡಿಯಾಗಿ ಮಾರಬೇಕಾದದ್ದು ಪಂದ್ಯಕ್ಕೆ 2,300ರಷ್ಟು, ವರ್ಷಕ್ಕೆ ಸುಮಾರು 95,000 ಟಿಕೆಟ್. 9,500ಕ್ಕೆ ಇಳಿದರೆ ಪಂದ್ಯಕ್ಕೆ 5,800, ವರ್ಷಕ್ಕೆ 2.4 ಲಕ್ಷ ಹತ್ತಿರ. ಏಳೂವರೆ ಲಕ್ಷ ಜನರ ಊರಿನಲ್ಲಿ ಒಂದೊಂದಾಗಿ ಇಷ್ಟು ಮಾರುವುದು ಸಣ್ಣ ಕೆಲಸವಲ್ಲ. ಸೀಸನ್ ಟಿಕೆಟ್‌ನ ದುಡ್ಡು ಮುಂಗಡವಾಗಿ ಬಂದು ಬ್ಯಾಂಕಿನಲ್ಲಿರುತ್ತದೆ. ಬಿಡಿ ಟಿಕೆಟ್ ಹಾಗಲ್ಲ. ಎದುರಾಳಿ ಯಾರು, ಹಿಮ ಬೀಳುತ್ತಾ, ಕಳೆದ ವಾರ ಗೆದ್ದರಾ ಅನ್ನುವುದೆಲ್ಲ ಅದರ ಮೇಲೆ ಬೀಳುತ್ತದೆ.

ಇನ್ನೊಂದು ಕಡೆ ಖರ್ಚು. 2005-06ರಲ್ಲಿ 3.9 ಕೋಟಿ ಇದ್ದ ಸ್ಯಾಲರಿ ಕ್ಯಾಪ್ 2023-24ಕ್ಕೆ 8.35 ಕೋಟಿ ಅಮೆರಿಕನ್ ಡಾಲರ್ ಆಗಿತ್ತು. ಕೆನಡಾ ಡಾಲರ್ ಮತ್ತೆ 73 ಸೆಂಟ್ ಹತ್ತಿರವೇ ಇತ್ತು, ಹಳೆಯ ಜೆಟ್ಸ್ ಊರು ಬಿಟ್ಟಾಗ ಇದ್ದಷ್ಟೇ. ಈ ಸಲ ಕ್ಯಾಪ್ ಇದೆ, ಲೀಗ್‌ನ ಆದಾಯ ಹಂಚಿಕೆ ಇದೆ, ಅರೀನಾ ಮಾಲೀಕರದ್ದೇ, ಥಾಮ್ಸನ್ ಜೇಬು ಆಳವಾಗಿದೆ. ನಗರಪಾಲಿಕೆ ಟಿಕೆಟ್ ಮೇಲಿನ ಮನರಂಜನಾ ತೆರಿಗೆಯನ್ನು ಟ್ರೂ ನಾರ್ತ್‌ಗೆ ವಾಪಸ್ ಕೊಡುತ್ತದೆ. ಹಾಗಾಗಿ 1996 ಮತ್ತೆ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಟಿವಿಯಿಂದ ಬರುವ ರಾಷ್ಟ್ರಮಟ್ಟದ ಹಣ ಎನ್‌ಎಚ್‌ಎಲ್‌ನಲ್ಲಿ ಅಮೆರಿಕನ್ ಫುಟ್‌ಬಾಲ್‌ನಷ್ಟು ದೊಡ್ಡದಲ್ಲ. ಬಾಗಿಲಲ್ಲಿ ಬರುವ ದುಡ್ಡೇ ಇಲ್ಲಿ ಮುಖ್ಯ.

ಬೇರೆ ಊರುಗಳ ಕಡೆ ಒಮ್ಮೆ ತಿರುಗಿ ನೋಡಿ. ಟೊರೊಂಟೊ 1967ರಿಂದ ಕಪ್ ಗೆದ್ದಿಲ್ಲ, ಸೀಟು ಮಾತ್ರ ಸದಾ ಭರ್ತಿ. ಅಲ್ಲಿ ಸೀಸನ್ ಟಿಕೆಟ್ ಅಪ್ಪನಿಂದ ಮಗನಿಗೆ, ಇಲ್ಲವೇ ಕಂಪನಿಯ ಒಬ್ಬ ಅಧಿಕಾರಿಯಿಂದ ಇನ್ನೊಬ್ಬನಿಗೆ ಹೋಗುತ್ತದೆ. ಒಟ್ಟಾವಾದ ಕಥೆ ಬೇರೆ. ಅಲ್ಲಿ 1996ರಲ್ಲಿ ಊರಿನಿಂದ ಸುಮಾರು 25 ಕಿಲೋಮೀಟರ್ ದೂರದ ಕನಾಟಾದ ಹೊಲಗಳ ನಡುವೆ ಅರೀನಾ ಕಟ್ಟಿದರು. ಹೆದ್ದಾರಿಯಿಂದ ಒಳಬರುವ ದಾರಿಯ ಖರ್ಚೂ ತಂಡದ ಮೇಲೇ ಬಿತ್ತು. 2003ರಲ್ಲಿ ದಿವಾಳಿ. ವಾರದ ದಿನ ಅಲ್ಲಿಗೆ ಹೋಗಿಬರುವುದೇ ಜನರಿಗೆ ಸಾಕಾಗುತ್ತಿತ್ತು. 2024ರಲ್ಲಿ ತಂಡ ಕೊನೆಗೂ ಊರ ಹತ್ತಿರದ ಲೆಬ್ರೆಟನ್ ಫ್ಲಾಟ್ಸ್‌ನಲ್ಲಿ ಜಾಗಕ್ಕೆ ಒಪ್ಪಂದ ಮಾಡಿಕೊಂಡಿತು. ವಿನ್ನಿಪೆಗ್‌ನ ಅರೀನಾ ಊರ ನಡುವೆ ಇದೆ, ಆಗ ಆಟ ಚೆನ್ನಾಗಿತ್ತು, ಮಾಲೀಕರು ಗಟ್ಟಿ. ಹಾಗಾಗಿ ಅಲ್ಲಿ ದೂರ, ಸೋಲು, ಸಾಲ ಅಂತ ಯಾವ ನೆಪವೂ ಇರಲಿಲ್ಲ. ಈ ಪ್ರಕರಣ ನನಗೆ ಕುತೂಹಲ ಹುಟ್ಟಿಸುವುದೂ ಅದಕ್ಕೇ.

ಅಂದಹಾಗೆ ವಿನ್ನಿಪೆಗ್‌ನಿಂದ ಮರುಭೂಮಿಗೆ ಹೋದ ಆ ತಂಡ? 2009ರಲ್ಲಿ ದಿವಾಳಿ, ನಾಲ್ಕು ವರ್ಷ ಲೀಗೇ ನಡೆಸಿತು. 2022ರಿಂದ ವಿಶ್ವವಿದ್ಯಾಲಯದ 4,600 ಸೀಟಿನ ಅಂಗಳದಲ್ಲಿ ಆಡಿ, 2024ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಯೂಟಾಗೆ ಹೋಯಿತು.

ಗೆದ್ದರೆ ಸಾಕಾ?

2024-25ರ ಸೀಸನ್ ಇದಕ್ಕೆ ಒಳ್ಳೆಯ ಪರೀಕ್ಷೆಯಾಯಿತು. ಜೆಟ್ಸ್ ಮೊದಲ 16 ಪಂದ್ಯಗಳಲ್ಲಿ 15 ಗೆದ್ದಿತು, ಎನ್‌ಎಚ್‌ಎಲ್ ಇತಿಹಾಸದಲ್ಲಿ ಯಾರೂ ಮಾಡದ್ದು. ಆಗಲೂ ಎಲ್ಲ ಪಂದ್ಯ ಭರ್ತಿಯಾಗಲಿಲ್ಲ. ಹೊಸ ವರ್ಷ ಕಳೆದ ಮೇಲೆ ಜನ ಬಂದರು. ತಂಡ 116 ಅಂಕಗಳೊಂದಿಗೆ ಲೀಗ್‌ನಲ್ಲೇ ಮೊದಲ ಸ್ಥಾನ ಪಡೆಯಿತು, ಹೆಲಬಕ್ ಲೀಗ್‌ನ ಅತ್ಯುತ್ತಮ ಆಟಗಾರನಾದರು. 2025ರ ಮೇ 4ರಂದು ಸೇಂಟ್ ಲೂಯಿಸ್ ಎದುರಿನ ಪ್ಲೇಆಫ್‌ನ ಏಳನೇ, ನಿರ್ಣಾಯಕ ಪಂದ್ಯದಲ್ಲಿ ಇನ್ನೇನು ಎರಡು ಸೆಕೆಂಡ್ ಉಳಿದಿಲ್ಲ ಅನ್ನುವಾಗ ಕೋಲ್ ಪರ್ಫೆಟ್ಟಿ ಸಮ ಮಾಡಿದರು. ಎರಡನೇ ಓವರ್‌ಟೈಮ್‌ನಲ್ಲಿ ನಾಯಕ ಆಡಮ್ ಲೌರಿ ಗೆಲ್ಲಿಸಿದರು. ಅಂಥ ರಾತ್ರಿಗೆ ಟಿಕೆಟ್ ಸಿಕ್ಕವರು ಪುಣ್ಯವಂತರು. ಮುಂದಿನ ಸುತ್ತಿನಲ್ಲಿ ಡಲ್ಲಾಸ್ ಎದುರು ಸೋತರು ಅನ್ನುವುದು ಬೇರೆ ಮಾತು. ಆ ಬೇಸಿಗೆಯಲ್ಲಿ ವಿನ್ನಿಪೆಗ್‌ನಲ್ಲೇ ಬೆಳೆದ ಹಾಕಿ ತಾರೆ ಜೊನಾಥನ್ ಟೇವ್ಸ್ ಒಂದು ವರ್ಷಕ್ಕೆ ಸಹಿ ಹಾಕಿ ಮನೆಗೆ ಮರಳಿದರು. ಟಿಕೆಟ್ ಮಾರುವವರಿಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕಾ?

ಗೆಲುವು ಸೀಟು ತುಂಬುತ್ತದೆ, ಆದರೆ ತಡವಾಗಿ ತುಂಬುತ್ತದೆ. ಅಕ್ಟೋಬರ್ ಗೆಲುವಿಗೆ ಫೆಬ್ರುವರಿಯಲ್ಲಿ ಜನ ಬರುತ್ತಾರೆ, ವಸಂತದ ಪ್ಲೇಆಫ್‌ಗೆ ಮುಂದಿನ ವರ್ಷದ ಸೀಸನ್ ಟಿಕೆಟ್ ಹೋಗುತ್ತದೆ. ಸೋತ ವರ್ಷವೂ ಹಾಗೇ, ಬಿಲ್ ಮುಂದಿನ ವರ್ಷಕ್ಕೆ ಬರುತ್ತದೆ. ಎಲ್ಲ ವರ್ಷ ಮೊದಲ ಸ್ಥಾನದಲ್ಲಿರಲು ಯಾರಿಗೂ ಆಗುವುದಿಲ್ಲ.

ಟ್ರೂ ನಾರ್ತ್ ಮಾಡಿದ ಕೆಲಸಗಳಲ್ಲಿ ನನಗೆ ಸರಿ ಅನ್ನಿಸುವುದು ಕೆಲವೇ ಪಂದ್ಯಗಳ ಸಣ್ಣ ಟಿಕೆಟ್ ಪ್ಯಾಕೇಜ್‌ಗಳನ್ನು ಮುಂದೆ ತಂದದ್ದು. ನಾಲ್ಕು ಮನೆಯವರು ಅಡುಗೆಮನೆಯಲ್ಲಿ ಕೂತು ಮಾಡುತ್ತಿದ್ದ ಹಂಚಿಕೆಯನ್ನು ತಂಡವೇ ಮಾಡಿಕೊಟ್ಟ ಹಾಗಾಯಿತು. ಪಾಲುದಾರ ಬಿಟ್ಟುಹೋದರೆ ಇಡೀ ಸೀಟು ಬಿಡಬೇಕಾಗಿಲ್ಲ. 13,000 ಎಂಬ ಸಂಖ್ಯೆಯನ್ನು ಹಿಡಿದು ಕೂರುವ ಬದಲು ಎಷ್ಟು ಮನೆಗಳು ವರ್ಷಕ್ಕೆ ಹತ್ತು ಸಲವಾದರೂ ಬರುತ್ತವೆ ಅಂತ ಎಣಿಸಿದರೆ ನಿಜವಾದ ಚಿತ್ರ ಸಿಗುತ್ತದೆ. ಅಂಥ ನಾಲ್ಕು ಮನೆಗೆ ಒಂದು ಪೂರ್ತಿ ಸೀಸನ್ ಟಿಕೆಟ್ ಆಗುತ್ತದೆ.

ಆ ಮನೆಗಳು ಯಾವುವು ಅನ್ನುವುದೂ ಮುಖ್ಯ. 2011ರಲ್ಲಿ ನಗರದ ಜನಸಂಖ್ಯೆ 6.6 ಲಕ್ಷದಷ್ಟಿತ್ತು. ಆಮೇಲೆ ಸೇರಿದವರಲ್ಲಿ ದೊಡ್ಡ ಪಾಲು ಹೊರದೇಶದಿಂದ ಬಂದವರು. ಇಂಗ್ಲಿಷ್, ಫ್ರೆಂಚ್ ಬಿಟ್ಟರೆ ವಿನ್ನಿಪೆಗ್‌ನಲ್ಲಿ ಹೆಚ್ಚು ಕೇಳಿಸುವ ಭಾಷೆಗಳು ಪಂಜಾಬಿ ಮತ್ತು ಟಗಾಲಾಗ್. ಪಂಜಾಬಿಯಲ್ಲಿ ಹಾಕಿ ಕಾಮೆಂಟರಿ 2008ರಿಂದಲೇ ಇದೆ, ಜೆಟ್ಸ್ ಫಿಲಿಪಿನೋ ಸಮುದಾಯಕ್ಕೆ ಮೀಸಲಾದ ರಾತ್ರಿಗಳನ್ನು ನಡೆಸುತ್ತದೆ. ಹೊಸದಾಗಿ ಬಂದ ಸಂಸಾರಕ್ಕೆ 1996ರ ನೋವಿನ ಕಥೆ ಹೇಳಿ ಟಿಕೆಟ್ ಮಾರಲು ಆಗುವುದಿಲ್ಲ. ಅವರ ಮಗ ಶಾಲೆಯಲ್ಲಿ ಜೆಟ್ಸ್ ಟೋಪಿ ಹಾಕಿಕೊಂಡು ಬಂದರೆ, ಒಂದು ಭಾನುವಾರ ಮಧ್ಯಾಹ್ನದ ಪಂದ್ಯಕ್ಕೆ ನಾಲ್ಕು ಜನ ಕೈಗೆಟಕುವ ಬೆಲೆಗೆ ಹೋಗಿಬರಲು ಆದರೆ, ಅಲ್ಲಿಂದ ಶುರು.

ಮುಂದಿನ ಲೆಕ್ಕ ಕಷ್ಟದ್ದೇ. ಸ್ಯಾಲರಿ ಕ್ಯಾಪ್ 2025-26ಕ್ಕೆ 9.55 ಕೋಟಿ, 2026-27ಕ್ಕೆ 10.4 ಕೋಟಿ, 2027-28ಕ್ಕೆ 11.35 ಕೋಟಿ ಅಮೆರಿಕನ್ ಡಾಲರ್ ಅಂತ ಲೀಗ್ 2025ರ ಜನವರಿಯಲ್ಲೇ ಹೇಳಿಬಿಟ್ಟಿದೆ. ರೋಜರ್ಸ್ ಕಂಪನಿ ಕೆನಡಾದ ಪ್ರಸಾರ ಹಕ್ಕಿಗೆ 2026-27ರಿಂದ 12 ವರ್ಷಕ್ಕೆ 1,100 ಕೋಟಿ ಕೆನಡಾ ಡಾಲರ್ ಕೊಡುತ್ತಿದೆ, ಹಿಂದಿನ ಒಪ್ಪಂದಕ್ಕಿಂತ ಎರಡು ಪಟ್ಟು. ಆ ಹಣ ಎಲ್ಲ 32 ತಂಡಗಳಿಗೂ ಹಂಚಿಹೋಗುತ್ತದೆ, ಟೊರೊಂಟೊಗೂ ಅಷ್ಟೇ, ನ್ಯಾಶ್‌ವಿಲ್‌ಗೂ ಅಷ್ಟೇ. ವಿನ್ನಿಪೆಗ್‌ನದ್ದೇ ಅನ್ನುವಂತಿರುವುದು ಆ 15,325 ಸೀಟು. ಸಂಬಳ ಏರಿದಷ್ಟು ಟಿಕೆಟ್ ಬೆಲೆ ಏರಿಸಿದರೆ ನೂರಕ್ಕೆ 85ರಷ್ಟಿರುವ ಆ ಮನೆಗಳೇ ಮೊದಲು ಹಿಂದೆ ಸರಿಯುತ್ತವೆ. ಹಾಗಾಗಿ ಹೆಚ್ಚುವರಿ ದುಡ್ಡು ಕೇಳಬೇಕಾದದ್ದು ಆ ಮನೆಗಳನ್ನಲ್ಲ, ಪಾಲು 15ರಲ್ಲೇ ನಿಂತಿರುವ ಕಂಪನಿಗಳನ್ನು.